ಹನ್ನೆರಡು ನಾಟಿಕಲ್ ಮೈಲು

ಮೂವತ್ತೊಂದು ವರ್ಷ ಕಪ್ಪುಹಲಗೆಯ ಮೇಲೆ
ಕಡಲಿಗೆ ಗೆರೆ ಎಳೆದಿದ್ದೇನೆ:
ಇಲ್ಲಿವರೆಗೆ ನಮ್ಮದು, ಅಲ್ಲಿಂದಾಚೆ ಯಾರದೂ ಅಲ್ಲ.
ಜಿನೀವಾದಲ್ಲೊಮ್ಮೆ, ಕರಡಿನ ಒಂದು ಅಲ್ಪವಿರಾಮಕ್ಕೆ
ನಾಲ್ಕು ದಿನ ಕೂತೆವು.
ಕಾಫಿ ಚೆನ್ನಾಗಿತ್ತು.

ಇವತ್ತು ಬೈತಖೋಲದ ಧಕ್ಕೆಯಲ್ಲಿ
ಶೇವಂತಿ ಮಾವಶಿ ಬಂಗಡೆ ಎಣಿಸುತ್ತ ಕೇಳಿದಳು:
"ಅಷ್ಟು ದಪ್ಪ ಪುಸ್ತಕದಲ್ಲಿ ಬರೆದದ್ದಾದರೂ ಏನೇ?"
"ಯುದ್ಧ ಆಗದಂತೆ ತಡೆಯೋದು ಹೇಗೆ ಅಂತ."
"ಆಗಲಿಲ್ಲ, ಸರಿ.
ನಿನ್ನಿಂದಲೇ ಆಗಲಿಲ್ಲ ಅಂತ ಹೇಗೆ ಹೇಳ್ತೀ?"

ಪಿಎಚ್‌ಡಿಯ ಮೌಖಿಕ ಪರೀಕ್ಷೆಯಲ್ಲಿ
ಮೂವರು ಪ್ರಾಧ್ಯಾಪಕರು ಇದನ್ನೇ
ಉದ್ದ ಮಾಡಿ ಕೇಳಿದ್ದರು.
ಅಡಿಟಿಪ್ಪಣಿ ತೋರಿಸಿ ಪಾರಾಗಿದ್ದೆ.

ದಕ್ಷಿಣಕ್ಕೆ, ಅರ್ಗಾದ ಕಡೆ, ಬೂದು ಬಣ್ಣದ ಹಡಗು.
ಅದು ನಿಂತಲ್ಲೇ ಅಪ್ಪ ಬಲೆ ಬಿಡುತ್ತಿದ್ದ.
ನನ್ನ ಎರಡನೇ ಅಧ್ಯಾಯದಲ್ಲಿ ಆ ನೀರಿಗೆ
'ಆಯಕಟ್ಟಿನ ಆಳಬಂದರು' ಎಂದು ಹೆಸರು.
ಅಪ್ಪನ ಬಾಯಲ್ಲಿ ಅದು
ನೊಗಲಿ ಸಿಗುವ ಜಾಗ.
ಎರಡೂ ನಿಜವೇ. ನಾನು ಒಂದನ್ನು ಮಾತ್ರ ಬರೆದೆ,
ಬೇಲಿಯ ಹೊರಗೆ ನಿಂತು ಅಪ್ಪ ಇನ್ನೊಂದನ್ನು ನೋಡುತ್ತಿದ್ದಾಗ.

ಮಾತಿನ ನಡುವೆ ಲೆಕ್ಕ ತಪ್ಪಿ
ಮಾವಶಿ ಮತ್ತೆ ಒಂದರಿಂದ ಶುರುಮಾಡಿದಳು.
"ಇರಲಿ ಬಿಡು, ಆಗಲಿಲ್ಲವಲ್ಲ," ಅಂದು
ಎರಡು ಬಂಗಡೆ ಹೆಚ್ಚಿಗೆ ಹಾಕಿದಳು.