ಮೊದಲ ಸುತ್ತು

ಬಳ್ಳಾರಿಯ ಕೌಲ್ ಬಜಾರಿನಲ್ಲಿ, ಖಾಜಾಸಾಬರ ಮಷಿನ್ ರಿಪೇರಿ ಅಂಗಡಿಯ ಮೇಲೆ
ಹದಿನೇಳು ಕಬ್ಬಿಣದ ಮೆಟ್ಟಿಲು ಹತ್ತಿದರೆ ನಮ್ಮ ಗೋಡೆ.
ಪ್ಯಾಂಟಿನ ಅಳತೆ ಕತ್ತರಿಸಿ ಮಿಕ್ಕ ಕಂದು ಕಾಗದದ ಮೇಲೆ
ಯಾರು ಏನನ್ನಾದರೂ ಬರೆದು ಚುಚ್ಚಬಹುದು ಅಲ್ಲಿ.
ಓದಿದವರು ಅದರ ಕೆಳಗೆ
ಟೈಲರ್ ಚಾಕ್‌ಪೀಸಿನಲ್ಲಿ ಒಂದು ಮಾತು ಗೀಚಬಹುದು.

ಸಂಜೆ ಏಳಕ್ಕೆ ಮಷಿನ್ ನಿಂತ ಮೇಲೆ ಹೊಸಬರು ಬರುತ್ತಾರೆ,
ಎರಡು ದಿನ.
ಮೂರನೆಯ ದಿನ ಇಲ್ಲ.
"ಸುಂಕಮ್ಮ, ನೀನೇ ಒಂದು ಸುತ್ತು ತಯಾರು ಮಾಡು" ಅಂದರು ಸಮಿತಿಯವರು,
"ಹತ್ತು ನಿಮಿಷದ್ದು. ಎಲ್ಲಾ ತೋರಿಸಿಬಿಡು."

ಎಲ್ಲಾ ಅಂದರೆ ಎಷ್ಟು?
ಭಾನುವಾರ ಕೂತು ಹದಿನಾಲ್ಕು ನಿಲುಗಡೆ ಬರೆದೆ.
ಸ್ಥಾಪಕರ ಫೋಟೋ, ನಿಯಮದ ಬೋರ್ಡು, ಸಹಿಯ ಪುಸ್ತಕ,
ಬೀಗ ಕಳೆದ ಬೀರು, ಚಂದಾ ಡಬ್ಬಿ,
ಒಮ್ಮೆ ಡೀಸಿ ಸಾಹೇಬರು ಕೂತೆದ್ದ ಕುರ್ಚಿ.
ಬಾಣದ ಗುರುತು ಹಾಕಿದೆ. ಕೆಂಪು ಪೆನ್ನಿನಲ್ಲಿ ನಿಮಿಷ ಬರೆದೆ.
ನನಗೇ ಹೆಮ್ಮೆ.

ಮೊದಲು ಸಿಕ್ಕವನು ಗಾದಿಲಿಂಗ, ಜಿಪ್ಪು ಹೊಲಿಯುವ ಹುಡುಗ.
ಫೋಟೋಕ್ಕೆ ಕೈಮುಗಿದ. ನಿಯಮಕ್ಕೆ ತಲೆಯಾಡಿಸಿದ.
ಆರನೆಯ ನಿಲುಗಡೆಯಲ್ಲಿ ಮೆಲ್ಲಗೆ ಕೇಳಿದ,
"ಅಕ್ಕ, ಕುಡಿಯೋ ನೀರು ಎಲ್ಲೈತಿ?"

ಹದಿನಾಲ್ಕರಲ್ಲಿ ನೀರು ಇರಲಿಲ್ಲ.

ಆಗ ನೆನಪಾಯಿತು ನನ್ನ ಮೊದಲ ದಿನ, ಮುಂಡರಗಿ ಕಡೆಯ ಶೆಡ್ಡು.
ಸೂಪರ್‌ವೈಸರ್ ಮಷಿನ್ ಮಷಿನ್ ತೋರಿಸುತ್ತ ನಡೆದ;
ಓವರ್‌ಲಾಕ್, ಕಾಜಾ, ಬಕ್ಕಲ್, ಎಲ್ಲದರ ಹೆಸರೂ ಹೇಳಿದ.
ಊಟದ ಡಬ್ಬಿ ಎಲ್ಲಿಡಬೇಕೆಂದು ಹೇಳಲಿಲ್ಲ.
ಮಧ್ಯಾಹ್ನದ ತನಕ ಮಡಿಲಲ್ಲೇ ಇಟ್ಟು ಹೊಲಿದೆ,
ಚಟ್ನಿಯ ಎಣ್ಣೆ ಸೀರೆಗೆ ಇಳಿಯಿತು.

ಹಾಳೆ ಹರಿದು ಮತ್ತೆ ಬರೆದೆ.
ಸುತ್ತು ಕೆಳಗಿಂದಲೇ ಶುರು: ಒಂಬತ್ತನೆಯ ಮೆಟ್ಟಿಲು ಅಲುಗುತ್ತದೆ, ಹುಷಾರು.
ನೀರಿನ ಮಡಕೆ ಎಡಕ್ಕೆ, ಲೋಟ ಸರಪಳಿಯಲ್ಲಿ.
ಬಚ್ಚಲಿಗೆ ಚಿಲಕ ಇಲ್ಲ, ಒಳಗಿದ್ದರೆ ಹಾಡಬೇಕು.
ಆಮೇಲೆ ಗೋಡೆ.
ಗೋಡೆಯ ಮುಂದೆ ಏನು ಹೇಳಲಿ?
"ಸುಮ್ಮನಿರು" ಎಂದು ನನಗೆ ನಾನೇ ಬರೆದುಕೊಂಡೆ,
ಎರಡು ಗೆರೆ ಎಳೆದೆ ಅದರ ಕೆಳಗೆ.
ಕಷ್ಟ ಅದು. ನನ್ನ ಬಾಯಿ ಗೊತ್ತಲ್ಲ.

ಮುಂದಿನ ವಾರ ಮಹಬೂಬಿ, ದಾರ ಕತ್ತರಿಸುವವಳು.
ಬೆರಳಿಟ್ಟು ಓದುತ್ತ ಹೋದಳು,
ತೊಳೆಯದ ಜೀನ್ಸಿನ ನೀಲಿ ಅಕ್ಷರಕ್ಕೆಲ್ಲ ಅಂಟಿತು.
ನಿಂತಳು, ಮೂಲೆಯ ಹಳೆಯ ಒಂದು ಕಾಗದದ ಹತ್ತಿರ.
ನನ್ನದೇ. ಆರು ವರ್ಷದ್ದು.
'ಹೊಲಿಗೆ'ಯನ್ನು 'ಹೂಳಿಗೆ' ಎಂದು ಬರೆದದ್ದು,
ಅರ್ಧಕ್ಕೆ ನಿಂತದ್ದು.
ಅದರ ಕೆಳಗೆ ಮಾಸಿದ ಚಾಕ್‌ಪೀಸು: "ಆಮೇಲೆ?"

ಯಾರು ಕೇಳಿದರೋ ಈ ತನಕ ತಿಳಿದಿಲ್ಲ.
ನಾನು ಮೂರನೆಯ ದಿನ ಹತ್ತಿ ಬಂದದ್ದು
ಆ ಒಂದು ಮಾತಿಗೆ ಉತ್ತರ ಕೊಡಲಿಕ್ಕೆ.

ಸಮಿತಿಯ ಮುಂದೆ ಓದಿದೆ ಹೊಸ ಸುತ್ತು:
ಮೆಟ್ಟಿಲು, ಮಡಕೆ, ಚಿಲಕ, ಗೋಡೆ, ಕೈಗೊಂದು ಗುಂಡುಪಿನ್ನು.
ಕೊನೆಯ ನಿಲುಗಡೆ ಹೊಸಬರದಲ್ಲ, ನಮ್ಮದು.
ಅವರು ಇಳಿದು ಹೋದ ಮೇಲೆ ನಾವು ಓದಬೇಕು.
ನಿಜವಾಗಿ ತಿಳಿಯಬೇಕೆನಿಸಿದರೆ ಮಾತ್ರ ಕೇಳಬೇಕು.
ಸುಮ್ಮಸುಮ್ಮನೆ 'ಚೆನ್ನಾಗಿದೆ' ಬೇಡ.

ಅಧ್ಯಕ್ಷ ವನ್ನೂರಪ್ಪ ಗಡ್ಡ ಕೆರೆದುಕೊಂಡ.
"ಫೋಟೋ ಬಿಟ್ಟರೆ ಹೆಂಗಮ್ಮ? ಹಿರಿಯರು ಏನಂತಾರೆ?"
ಮುಕ್ಕಾಲು ತಾಸು ಅದೇ ಚರ್ಚೆ.
ಇಳಿಯುವಾಗ ಕೈಮುಗಿಯಲಿ ಅಂದೆ, ಒಪ್ಪಲಿಲ್ಲ.
ಕರೆಂಟು ಹೋಯಿತು, ಎದ್ದೆವು.
ಕತ್ತಲಲ್ಲಿ ಎಲ್ಲರೂ ಒಟ್ಟಿಗೆ ಎಣಿಸುತ್ತ ಇಳಿದೆವು, ಒಂಬತ್ತರ ತನಕ.

ಮರುದಿನ ನೋಡಿದರೆ ಗಾದಿಲಿಂಗನ ಕಾಗದ, ಸೊಟ್ಟಗೆ ಚುಚ್ಚಿದ್ದು:
'ದಿನಕ್ಕೆ ನಾನ್ನೂರು ಜಿಪ್ಪು ಹೊಲೀತೀನಿ.
ನನ್ನ ಪ್ಯಾಂಟಿಂದು ಕೆಟ್ಟು ತಿಂಗಳಾತು.'
ಚಾಕ್‌ಪೀಸು ಹುಡುಕಿ ತಂದೆ.
ನನಗಿಂತ ಮೊದಲೇ ಯಾರೋ ಕೇಳಿಬಿಟ್ಟಿದ್ದರು,
"ಹಿತ್ತಾಳೇದಾ, ಪ್ಲಾಸ್ಟಿಕ್ಕಾ?"
ವನ್ನೂರಪ್ಪನ ಕೈಬರಹ.