ಹೊಳೆಯೊಳಗೆ ಜೀಪು

ಜಬೀವುಲ್ಲಾ ಹರಾಜಿನಲ್ಲಿ ಹಿಡಿದ ಜೀಪು.
ಬಾಗಿಲ ಮೇಲಿನ ಇಲಾಖೆಯ ಹೆಸರು ಸವೆದು
ಉಳಿದದ್ದು ಎರಡೇ ಅಕ್ಷರ: ‘ನೀರಾ’.
ಮಧುಗಿರಿಯಲ್ಲಿ ಟೀ ಕೊಟ್ಟವನು
ಮೆಲ್ಲಗೆ ಕೇಳಿದ, ‘ಬೆಳಿಗ್ಗೆ ಇಳಿಸಿದ್ದಾ ಸಾರ್,
ಒಂದು ಲೋಟ ಸಿಗುತ್ತಾ?’

ಓಡಿಸುವವಳು ರತ್ನಪ್ರಭಾ.
ಇಪ್ಪತ್ತು ವರ್ಷ ಲೈಬ್ರರಿಯಲ್ಲಿ ಕೂತು
ಸದ್ದು ಸದ್ದು ಅಂತ ಗದರಿದವಳು
ಈಗ ಸೆಕೆಂಡ್ ಗೇರಿನಲ್ಲಿ ಹೊಟ್ಟೆ ತುಂಬ ಸದ್ದು ಮಾಡುತ್ತ
ಪಾವಗಡದ ಬಂಡೆಗಳನ್ನು ಎಬ್ಬಿಸುತ್ತಾಳೆ.
ಹಿಂದೆ ನಾನು, ಕದರಪ್ಪ, ಸೀಮೆಎಣ್ಣೆ ಸ್ಟೌ,
ಮುದ್ದೆ ಕೋಲು, ಎರಡು ಕ್ಯಾನು ನೀರು,
ಕುಲುಕಿ ಕುಲುಕಿ ಒಬ್ಬರ ಮೇಲೊಬ್ಬರು.
ಲೈನ್‌ಮನ್ ಪಾತಲಿಂಗನಿಗೆ ಮಾತ್ರ ಮುಂದಿನ ಸೀಟು,
ದಾರಿ ಗೊತ್ತಂತೆ. ಕಂಬ ಇರುವ ತನಕ ಗೊತ್ತು.

ತಿರುಮಣಿ ಕಡೆ ಎಕರೆಗಟ್ಟಲೆ ಗಾಜು.
ದೂರದಿಂದ ಕೋಡಿ ಬಿದ್ದ ಕೆರೆ.
ಬೆಳ್ಳಕ್ಕಿಯೊಂದು ಇಳಿಯಲೆಂದು ಬಂದು, ಕಾಲು ಚಾಚಿ,
ಕೊನೆ ಗಳಿಗೆಯಲ್ಲಿ ತಿಳಿದು
ನಾಚಿದ ಹಾಗೆ ಮೇಲೆದ್ದು ಹೋಯಿತು.
‘ನಾನೂ ಹಿಂಗೇ’ ಅಂದ ಕದರಪ್ಪ.
ಎಲ್ಲಿ, ಯಾವಾಗ ಅಂತ ಯಾರೂ ಕೇಳಲಿಲ್ಲ.
ಅವನ ಮನೆಗೆ ಎರಡು ಸಲ ಊಟಕ್ಕೆ ಹೋದವರು ನಾವು,
ಎರಡು ಸಲವೂ ಬಡಿಸಿದ ಕೈ ಬೇರೆ.

ನಾಗಲಮಡಿಕೆ ದಾಟಿ ಹೊಳೆಗಿಳಿದೆವು.
ನಕ್ಷೆಯಲ್ಲಿ ನೀಲಿ ಗೆರೆ; ಇಲ್ಲಿ ಮರಳು,
ದಂಡೆಯಿಂದ ದಂಡೆಗೆ ಬಿಸಿಲುಗುದುರೆಯ ಮೇವುಗಾವಲು.
ಮೊದಲು ಬಾಯಾರಿದ್ದು ರೇಡಿಯೇಟರಿಗೆ:
ಬುಸುಗುಟ್ಟಿ ಒಂದು ಕ್ಯಾನು ಪೂರ್ತಿ ಕುಡಿಯಿತು.
ಇನ್ನೊಂದು ಕ್ಯಾನಿನ ಮುಚ್ಚಳ ಯಾರು ಬಿಗಿದಿರಲಿಲ್ಲವೋ,
ಆ ಜಗಳ ಇನ್ನೂ ಮುಗಿದಿಲ್ಲ.

ಆಮೇಲೆ ಹಿಂದಿನ ಗಾಲಿ ಕುಸಿಯಿತು.
ನಮ್ಮ ಜೀಪಿನಲ್ಲಿ ನಾಲ್ಕೂ ಗಾಲಿ ಎಳೆಯಬೇಕಾದರೆ
ಇಳಿದು, ಮಂಡಿಯೂರಿ,
ಮುಂದಿನೆರಡರ ಹಬ್ ಕೈಯಾರೆ ತಿರುಗಿಸಬೇಕು.
ಜಬಿ ತಿರುಗಿಸಿದ. ರತ್ನಪ್ರಭಾ ತುಳಿದಳು.
ಗಂಡಸರೆಲ್ಲ ಒಟ್ಟಿಗೆ ಸಲಹೆ ಕೊಟ್ಟೆವು.
ಗಾಲಿ ಸುತ್ತಿತು, ಸುತ್ತಿತು, ಅಚ್ಚಿನ ತನಕ ಹೂತು
ಮರಳು ಬಣ್ಣ ಬದಲಿಸಿತು: ಬೆಲ್ಲದ ಬಣ್ಣ,
ಮತ್ತೆ ಹಸಿ ಬೆಲ್ಲ.
ಅವಳೇ ಕೀಲಿ ತಿರುಗಿಸಿ ಆರಿಸಿದಳು. ‘ಸದ್ದು’ ಅಂದಳು.

ಕೇಳಿಸಿತು.
ಗಾಲಿ ತೋಡಿದ ಗುಂಡಿಯ ತಳದಲ್ಲಿ
ಯಾರೋ ನಿದ್ದೆಯಲ್ಲಿ ತುಟಿ ಚಪ್ಪರಿಸಿದ ಹಾಗೆ.

ದಂಡೆಯ ಜಾಲಿ ಸಂದಿನಿಂದ ಕುರಿಯವನು ಬಂದ.
ಅರ್ಧ ತೆಲುಗು, ಅರ್ಧ ಕನ್ನಡ, ಪೂರ್ತಿ ನಗು.
‘ನೀಳ್ಳು ಇಲ್ಲೇ ಇರೋದು. ನಾವು ಕೈಯಲ್ಲಿ ಕೆರೀತೀವಿ,
ನೀವು ಡೀಸೆಲ್ ಹಾಕಿ ಕೆರೆದ್ರಿ.’
ಮೊದಲ ನೀರು ಮೊಗೆದು ಚೆಲ್ಲಿಸಿದ, ಕೆಸರು.
ಎರಡನೆಯದನ್ನೂ ಚೆಲ್ಲಿಸಿದ.
ಮೂರನೆಯದಕ್ಕೆ ಕಾಯಬೇಕು, ಕೂತ್ಕೊಳ್ಳಿ ಅಂದ.
ಕೂತೆವು. ಐವತ್ತು ದಾಟಿದ ಐದು ಜನ
ಒಂದು ಗುಂಡಿಯ ಸುತ್ತ, ಬಗ್ಗಿ,
ತೊಟ್ಟಿಲು ನೋಡುವವರ ಹಾಗೆ.

ಆ ನೀರಿನಲ್ಲಿ ಮುದ್ದೆ ಆಯಿತು, ಹುರುಳಿ ಸಾರೂ.
ಹಲ್ಲಿಗೆ ನಾಲ್ಕು ಕಾಳು ಮರಳು. ಕುರಿಯವನಿಗೂ ಒಂದು ಮುದ್ದೆ.
ರಾತ್ರಿ ತೀರಾ ಚಳಿ. ಟಾರ್ಪಾಲಿನ ಕೆಳಗೆ
ಕದರಪ್ಪ ನಕ್ಷತ್ರ ಎಣಿಸುತ್ತೇನೆಂದು ಹೇಳಿ
ಬಹಳ ಹೊತ್ತು ಮೂಗು ಏರಿಸುತ್ತಿದ್ದ.
ಪಾತಲಿಂಗ ಎದ್ದು, ಏನೂ ಹೇಳದೆ,
ತನ್ನ ರಗ್ಗಿನ ಅರ್ಧ ಅವನ ಮೇಲೆಳೆದು
ಗೊರಕೆ ಹೊಡೆದ.

ಬೆಳಿಗ್ಗೆ ಗುಂಡಿಯ ಸುತ್ತ ಹೆಜ್ಜೆಗಳು:
ಕೌಜುಗ, ಮೊಲ, ಒಂದು ನರಿ.
ಟೈರಿನ ಗುರುತೂ ಅವುಗಳ ನಡುವೆ ಒಂದು,
ಅದೂ ಕುಡಿಯಲು ಬಂದಿದ್ದ ಹಾಗೆ.

ಜಾಲಿ ಕೊಂಬೆ ಹಾಸಿ, ತಳ್ಳಿ, ಬೈದು, ಹೊರಬಂದೆವು.
ಗುಂಡಿ ಮುಚ್ಚಲು ಗುದ್ದಲಿ ಎತ್ತಿದೆ ನಾನು.
ಕುರಿಯವನು ತಲೆಯಾಡಿಸಿದ.
ಆಗಲೇ ನೂರು ಮೂತಿಗಳು ಸಾಲು ಬಿಟ್ಟು ಬರುತ್ತಿದ್ದವು.

ಡಾಂಬರು ಸಿಕ್ಕ ಮೇಲೂ ಸ್ಟೇರಿಂಗ್ ಯಾಕೋ ಭಾರ.
ಗಾಳಿ ಕಮ್ಮಿ ಅಂದ ಒಬ್ಬ, ರಸ್ತೆಯೇ ಹಂಗೆ ಅಂದ ಇನ್ನೊಬ್ಬ.
ಮಧುಗಿರಿಯ ಬೆಟ್ಟ ಕಂಡಾಗ ಜಬಿ ಹಣೆ ಬಡಿದುಕೊಂಡ:
ಹಬ್ ಬಿಚ್ಚಿರಲಿಲ್ಲ.
ಎಳೆಯಬೇಕಿಲ್ಲದ ರಸ್ತೆಯಲ್ಲೂ
ನಾಲ್ಕೂ ಗಾಲಿ ಎಳೆಯುತ್ತಲೇ ಬಂದಿದ್ದವು.