ಮುಂಗಡ ವಾಪಸಿಲ್ಲ

ಜೊಹಾನ್ಸ್‌ಬರ್ಗಿನ ಆರು ಜನ ಬರಲಿಲ್ಲ.
ಯಾರಿಗೋ ಹೊಟ್ಟೆ ಕೆಟ್ಟಿದೆಯೆಂದು ಫೋನು.
ಐಸು ತುಂಬಿ ಆಗಿತ್ತು, ಕಾಯಿ ತುರಿದಾಗಿತ್ತು,
ಏಡಿಗಳು ಬುಟ್ಟಿಯೊಳಗೆ ಪರಪರ ಕೆರೆಯುತ್ತಿದ್ದವು,
ಟಿಟೋಸ್ ಆಗಲೇ ಹಾಯಿಯ ಹಗ್ಗ ಬಿಚ್ಚಿದ್ದ.

ವಿಲಾಂಕುಲೊ ದಂಡೆಗೆ ಇಳಿಯುವ ದಾರಿಯಲ್ಲೇ
ಫೆಲಿಜಾರ್ದಾ ದೊಡ್ಡಮ್ಮನ ಮನೆ.
"ಬಾ," ಅಂದೆ, "ಇವತ್ತು ನೀನೇ ಗಿರಾಕಿ."
ನಕ್ಕಳು, ಒಳಗೆ ಹೋದಳು, ಬಂದಾಗ
ಕೈಯಲ್ಲಿ ಬಕೆಟ್ಟು, ಕಬ್ಬಿಣದ ಕೊಕ್ಕೆ.
"ಅದ್ಯಾಕೆ?"
"ನೀರು ಇಳಿಯೋ ದಿನ ಬರಿಗೈಲಿ ಹೋಗ್ತಾರೇನೋ?"
ಬಕೆಟ್ಟು ಕಸಿದು ಬಾಗಿಲ ಹಿಂದಿಟ್ಟೆ.
ಕೊಕ್ಕೆ ಎಲ್ಲಿಟ್ಟಳೋ ನೋಡಲಿಲ್ಲ.

ದೋಣಿ ಮೊಣಕಾಲುದ್ದದ ನೀರು ದಾಟಿತು.
ಎಂಟು ವರ್ಷದಿಂದ ಹೇಳಿದ್ದೇ ಹೇಳುವ ಬಾಯಿ ನನ್ನದು,
ತಂತಾನೇ ಶುರುವಾಯಿತು:
ಎಡಕ್ಕೆ ನೋಡಿ, ಒಂದೇ ಕಡಲಿನಲ್ಲಿ ಏಳು ಬಗೆಯ ನೀಲಿ!
ದೊಡ್ಡಮ್ಮ ಎಡಕ್ಕೆ ನೋಡಿದಳು.
"ಅದು ಆಳ. ಅದು ಮರಳು. ಅದು ಹುಲ್ಲು.
ಅಗೋ ಆ ಕಪ್ಪು, ನಿಮ್ಮ ದೊಡ್ಡಪ್ಪನ ಬಲೆ ಹರಿದ ಕಲ್ಲು."
ಅದೃಷ್ಟವಿದ್ದರೆ ಕಡಲಹಸು ಕಾಣಿಸೀತು, ಅಂದೆ.
"ಮೂರು ಸಲ ಕಂಡಿದೀನಿ," ಅಂದಳು,
"ಮೂರು ದಿನವೂ ಏನೂ ಸಿಕ್ಕಿರಲಿಲ್ಲ."
ಟಿಟೋಸ್ ಚುಕ್ಕಾಣಿಗೆ ಮುಖ ಒತ್ತಿ ನಗುತ್ತಿದ್ದ.

ಮಗಾರುಕೆ ದ್ವೀಪದ ಮರಳಿನಲ್ಲಿ ಚಾಪೆ ಹಾಸಿದೆ,
ಕೊಡೆ ನೆಟ್ಟೆ, ಕಾಲು ತೊಳೆಯಲು ಬೋಗುಣಿ ಇಟ್ಟೆ.
ಅವಳು ಚಾಪೆಯ ಅಂಚಿನಲ್ಲಿ ಕೂತಳು,
ಆಸ್ಪತ್ರೆಯ ಬೆಂಚಿನ ಮೇಲೆ ಕೂರುವ ಹಾಗೆ.
"ಮಲಗಬೇಕು."
"ಎಷ್ಟು ಹೊತ್ತು?"
"ಮೂರು ಗಂಟೆವರೆಗೆ."
"ಅವರೆಲ್ಲ ಮಲಗ್ತಾರಾ?"
"ಅದಕ್ಕೇ ದುಡ್ಡು ಕೊಡ್ತಾರೆ."
ಹೂವಿನ ಕಾಪುಲಾನಾ ಸರಿಮಾಡಿಕೊಂಡು ಮಲಗಿದಳು,
ಕಣ್ಣು ಬಿಟ್ಟುಕೊಂಡೇ.

ಕಣ್ಣು ಮುಚ್ಚಿ, ಅಂದೆ. ಭುಜ ಸಡಿಲ ಬಿಡಿ.
ಅಲೆ ಬಂದಾಗ ಉಸಿರು ಒಳಗೆ,
ಅಲೆ ಹೋದಾಗ ಉಸಿರು ಹೊರಗೆ.
"ಇಷ್ಟು ವರ್ಷ ಯಾರು ಬಿಡ್ತಿದ್ರು ಮತ್ತೆ, ನನ್ನ ಉಸಿರು?"

ಮಾತಾಡಬಾರದು ದೊಡ್ಡಮ್ಮ.
ಆಯಿತು ಎಂದಳು.
ಸುಮ್ಮನಾದಳು, ನಿಜಕ್ಕೂ ಸುಮ್ಮನಾದಳು.
ಅವಳ ಹಿಮ್ಮಡಿಯ ಬಿರುಕುಗಳಲ್ಲಿ ಬಿಳಿ ಮರಳು.
ಕಡಿಮೆ ಬೀಳದಿರಲೆಂದು ನಾನೇ ದನಿ ತಗ್ಗಿಸಿ
ಮುಂದಿನದನ್ನು ಹೇಳುತ್ತಾ ಹೋದೆ:
ದೂರದ ಹಡಗು, ತೇಲುವ ಎಲೆ, ಬೆಚ್ಚಗಿನ ನೀರು,
ನಿಮಗೆ ಯಾವ ಕೆಲಸವೂ ಇಲ್ಲ, ಯಾವ ಕೆಲಸವೂ

ಎಚ್ಚರವಾದಾಗ ಚಾಪೆಯ ಮೇಲೆ ನಾನಿದ್ದೆ.
ಕೊಡೆಯ ನೆರಳು ನನ್ನ ಮುಖದ ಮೇಲಿತ್ತು,
ಬಿಸಿಲು ತಿರುಗಿದ ಹಾಗೆಲ್ಲ ಯಾರೋ ಕಿತ್ತು ನೆಟ್ಟ
ಮೂರು ನಾಲ್ಕು ತೂತು ಮರಳಲ್ಲಿ ಸಾಲಾಗಿ.
ದೋಣಿಯ ಮರಳು ತುಂಬಿದ ಪೆಟ್ಟಿಗೆಯ ಮೇಲೆ
ಇದ್ದಿಲು ಕೆಂಪಾಗಿತ್ತು, ಅನ್ನ ಬೆಂದ ವಾಸನೆ.
ಈ ಮರಳಿನ ಮೇಲೆ ನಾನು ಒಮ್ಮೆಯೂ ಮಲಗಿರಲಿಲ್ಲ.

ನೀರು ಅರ್ಧ ಮೈಲಿ ಹಿಂದೆ ಸರಿದಿತ್ತು.
ಅಲ್ಲಿ, ಸೊಂಟ ಮಡಿಸಿದ ಒಂದು ಚುಕ್ಕೆ.
ಪಕ್ಕದಲ್ಲಿ ಸಾಲಾಗಿ ಮಕಾಡೆ ಇಟ್ಟ
ಗಿರಾಕಿಗಳ ಆರು ಈಜುಗನ್ನಡಕ,
ಐದರ ತುಂಬ ಚಿಪ್ಪು.
"ಬಕೆಟ್ಟು ತರೋಕೆ ನೀನು ಬಿಡಲಿಲ್ಲ," ಕೂಗಿದಳು.

ಏಡಿ ತಿಂದೆವು. ಟಿಟೋಸ್‌ಗೆ ಕೊಂಡಿ ಒಡೆದು ಕೊಟ್ಟಳು.
ಮರಳಿ ಬರುವಾಗ ಗಾಳಿ ಹಿಂದಿನಿಂದ ಬೀಸಿತು,
ನಾನು ಸೂರ್ಯಾಸ್ತದ ಮಾತು ಎತ್ತಲಿಲ್ಲ.
ದಂಡೆಯಲ್ಲಿ ಇಳಿದು ಕಾಪುಲಾನಾದ ಗಂಟು ಬಿಚ್ಚಿ
ಇಪ್ಪತ್ತು ಮೆತಿಕಾಲ್ ಕೈಗಿಟ್ಟಳು.
ಬೇಡವೆಂದರೆ ಬೈದಳು: "ಎಲ್ಲರೂ ಕೊಡ್ತಾರಂತಲ್ಲ."

ಮರುದಿನ ಲಿಸ್ಬನ್ನಿನ ಹುಡುಗಿಯೊಬ್ಬಳು
ಈಜುಗನ್ನಡಕ ಮೂಗಿಗೇರಿಸಿ ಮುಖ ಸಿಂಡರಿಸಿದಳು:
ಇದೇನು ವಾಸನೆ?
ಕಡಲು, ಅಂದೆ. ತೊಳೆದು ಕೊಟ್ಟೆ.
ಎಡಕ್ಕೆ ನೋಡಿ, ಅಂದೆ,
ಅದು ಆಳ, ಅದು ಮರಳು, ಅದು ಹುಲ್ಲು.